ಐದರ ಶ್ರುತಿಯ ಹಾಡಿಗೆ ಜಿ ಕಾರ್ಡ್ ಹಿಡಿದ ಬಗೆ: ಒಂದು ಪ್ರಕರಣ ಅಧ್ಯಯನ

"ಸರ್, ಹಾಡು ನಗ್ತಾ ಇರೋ ಜಾಗದಲ್ಲಿ ನನ್ನ ಗಿಟಾರ್ ಅಳುಮುಖ ಮಾಡತ್ತೆ" ಎಂದು ಆಕೆ ಹೇಳಿದ ಮಾತಿನಿಂದ ಈ ಪ್ರಕರಣ ಆರಂಭವಾಯಿತು. ಆಕೆ ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಚಿಕ್ಕಂದಿನಲ್ಲಿ ಹಲವು ವರ್ಷ ವೀಣೆ ಅಭ್ಯಾಸ ಮಾಡಿದವರು, ಭಾವಗೀತೆಗಳನ್ನು ಚೆನ್ನಾಗಿ ಹಾಡುವವರು, ತಮ್ಮ ಹಾಡಿಗೆ ತಾವೇ ಗಿಟಾರ್ ನುಡಿಸಿಕೊಳ್ಳಬೇಕೆಂಬ ಒಂದೇ ಆಸೆಯಿಂದ ನನ್ನಲ್ಲಿಗೆ ಬಂದವರು. ಏಳು ತಿಂಗಳ ಪಾಠ ಮುಗಿದಿತ್ತು. ತಾಳ ತಪ್ಪುತ್ತಿರಲಿಲ್ಲ, ಶ್ರುತಿಜ್ಞಾನ ನನಗಿಂತ ಸೂಕ್ಷ್ಮವಾಗಿತ್ತು, ಒಂದೊಂದೇ ಕಾರ್ಡನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು, ಬಿಡಿಯಾಗಿ ಹಿಡಿದಾಗ ಅದರ ತಂತಿಗಳೆಲ್ಲ ಸ್ಪಷ್ಟವಾಗಿ ನುಡಿಯುತ್ತಿದ್ದವು. ಆದರೂ ಹಾಡಿನೊಳಗೆ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗಲೆಲ್ಲ ಕೆಡುತ್ತಿತ್ತು, ಮತ್ತು ಆ ಕೆಡುಕಿನ ಬೇರು ನಾನು ಮೊದಲ ತಿಂಗಳಲ್ಲಿ ಹೇಳಿಕೊಟ್ಟ ಒಂದು ಹಿಡಿತದಲ್ಲಿತ್ತು. ಆದ್ದರಿಂದಲೇ ಇದನ್ನು ವಿವರವಾಗಿ ಬರೆದಿಡಬೇಕೆನಿಸಿತು.

ಆಕೆಯ ಶ್ರುತಿ ಐದು, ಅಂದರೆ ಪಾಶ್ಚಾತ್ಯ ಪದ್ಧತಿಯಲ್ಲಿ ಜಿ. ಅತಿ ತೆಳುವಾದದ್ದನ್ನು ಮೊದಲನೆಯದೆಂದೂ ಅತಿ ದಪ್ಪದ್ದನ್ನು ಆರನೆಯದೆಂದೂ ಎಣಿಸಿದಾಗ, ಗಿಟಾರಿನ ಮೂರನೆಯ ತಂತಿಯನ್ನು ಏನೂ ಒತ್ತದೆ ಮೀಟಿದರೆ ಬರುವ 196 ಹರ್ಟ್ಸ್‌ನ ಸ್ವರವೇ ಆಕೆಯ ಷಡ್ಜ. ಹಾಡಿನ ಧಾಟಿ ಶಂಕರಾಭರಣದ ಛಾಯೆಯದು, ಎಂದರೆ ಜಿ ಮೇಜರ್ ಸ್ಕೇಲಿಗೆ ನೇರವಾಗಿ ಹೊಂದುವಂಥದು. ಹಾಗಾಗಿ ಬೇಕಾದ ಕಾರ್ಡುಗಳು ಎಲ್ಲ ಆರಂಭಿಕರಿಗೂ ಪರಿಚಿತವಾದವೇ: ಜಿ, ಸಿ, ಡಿ ಮತ್ತು ಇ ಮೈನರ್. ಪಲ್ಲವಿಯ ಮೊದಲ ಸಾಲಿನಲ್ಲಿ ನಾಲ್ಕು ನಾಲ್ಕು ಮಾತ್ರೆಗಳಂತೆ ಜಿ, ಸಿ, ಜಿ, ಡಿ ಬರುತ್ತವೆ. ಎರಡನೆಯ ಸಾಲಿನಲ್ಲಿ ಇ ಮೈನರ್ ನಾಲ್ಕು ಮಾತ್ರೆ, ಆಮೇಲೆ ಸಿ ಮತ್ತು ಡಿ ಎರಡೆರಡು ಮಾತ್ರೆ, ಕೊನೆಗೆ ಜಿ ಎಂಟು ಮಾತ್ರೆ ನಿಲ್ಲುತ್ತದೆ. ಚರಣದಲ್ಲಿ ಒಂದು ಕಡೆ ಧಾಟಿಯೇ ಕೈಶಿಕಿ ನಿಷಾದವನ್ನು (ಕೆಳಗಿನ ನಿ) ತಟ್ಟಿ ಮಧ್ಯಮಕ್ಕೆ ಇಳಿಯುತ್ತದೆ. ಶಂಕರಾಭರಣದ್ದಲ್ಲದ ಆ ಸ್ವರಕ್ಕಾಗಿ ಅಲ್ಲಿ ಜಿ ಸೆವೆನ್ ಹಾಕಿದ್ದೆವು. ಹಾಡಿನ ಗತಿ ನಿಮಿಷಕ್ಕೆ 84 ಮಾತ್ರೆ. ಮಾತ್ರೆಗೆ ಒಂದು ಕೆಳಮೀಟು ಮತ್ತು ಒಂದು ಮೇಲ್ಮೀಟು ಇರುವುದರಿಂದ, ಒಂದು ಕಾರ್ಡಿನ ಕೊನೆಯ ಮೇಲ್ಮೀಟಿಗೂ ಮುಂದಿನ ಕಾರ್ಡಿನ ಮೊದಲ ಕೆಳಮೀಟಿಗೂ ನಡುವೆ ಎಡಗೈಗೆ ಸಿಗುವ ಅವಕಾಶ ಒಂದು ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

ತೊಂದರೆ ಇದ್ದದ್ದು ಜಿಯಿಂದ ಸಿಗೆ ಹೋಗುವಲ್ಲಿ. ಆಕೆಯ ಎಡಗೈಯನ್ನು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಇಬ್ಬರೂ ಕೂತು ನೋಡಿದೆವು. ಸಿ ಕಾರ್ಡಿನಲ್ಲಿ ಉಂಗುರ ಬೆರಳು ಐದನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲಿನಲ್ಲಿ), ನಡುಬೆರಳು ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ, ತೋರುಬೆರಳು ಎರಡನೆಯ ತಂತಿಯ ಮೊದಲ ಫ್ರೆಟ್ಟಿನಲ್ಲಿ ಇರಬೇಕು. ವಿಡಿಯೊದಲ್ಲಿ ತೋರುಬೆರಳು ಮತ್ತು ನಡುಬೆರಳು ಸಮಯಕ್ಕೆ ಸರಿಯಾಗಿ ಬಂದು ಕೂರುತ್ತಿದ್ದವು, ಉಂಗುರ ಬೆರಳು ಮಾತ್ರ ಇನ್ನೂ ಗಾಳಿಯಲ್ಲಿರುವಾಗಲೇ ಬಲಗೈ ಮೀಟಿಬಿಡುತ್ತಿತ್ತು. ಆಗ ಐದನೆಯ ತಂತಿ ಖಾಲಿಯಾಗಿ ನುಡಿಯುತ್ತದೆ, ಅಂದರೆ ಸಿ ಸ್ವರದ ಬದಲು ಎ ಸ್ವರ ಕೇಳುತ್ತದೆ. ಉಳಿದ ತಂತಿಗಳಲ್ಲಿ ಇ, ಜಿ, ಸಿ, ಇ ಸರಿಯಾಗಿಯೇ ಇವೆ. ಕೆಳಗೆ ಎ, ಮೇಲೆ ಸಿ, ಇ, ಜಿ ಸೇರಿದರೆ ಅದು ಸಿ ಮೇಜರ್ ಅಲ್ಲ, ಎ ಮೈನರ್ ಸೆವೆನ್. ಮೈನರ್ ಕಾರ್ಡಿನ ಆ ಮಂಕು ಬಣ್ಣವೇ ಆಕೆ ಹೇಳಿದ ಅಳುಮುಖ. ಆಕೆಯ ಕಿವಿ ಸರಿಯಾದದ್ದನ್ನೇ ಹಿಡಿದಿತ್ತು, ಕಾರಣ ಮಾತ್ರ ತಿಳಿದಿರಲಿಲ್ಲ. ಮೊದಲ ಮೀಟಿನಲ್ಲಿ ಎ ಮೈನರ್ ಸೆವೆನ್ ಆಗಿ ಹುಟ್ಟಿದ ಕಾರ್ಡು ಎರಡನೆಯ ಮೀಟಿನ ಹೊತ್ತಿಗೆ ಸಿ ಆಗುತ್ತಿತ್ತು. ಆದರೆ ಕೇಳುಗನ ಮನಸ್ಸು ಕಾರ್ಡಿನ ಸ್ವಭಾವವನ್ನು ನಿರ್ಧರಿಸುವುದು ಮೊದಲ ಮೀಟಿನ ಮಂದ್ರದಿಂದಲೇ.

ಉಂಗುರ ಬೆರಳು ಯಾಕೆ ತಡವಾಗುತ್ತಿತ್ತು? ಜಿ ಕಾರ್ಡಿಗೆ ನಾನು ಕಲಿಸಿದ್ದ ಹಿಡಿತದಲ್ಲಿ ಆರನೆಯ ತಂತಿಯ ಮೂರನೆಯ ಫ್ರೆಟ್ಟಿಗೆ ನಡುಬೆರಳು, ಐದನೆಯ ತಂತಿಯ ಎರಡನೆಯ ಫ್ರೆಟ್ಟಿಗೆ ತೋರುಬೆರಳು, ಮೊದಲನೆಯ ತಂತಿಯ ಮೂರನೆಯ ಫ್ರೆಟ್ಟಿಗೆ ಉಂಗುರ ಬೆರಳು. ತೋರುಬೆರಳಿನಿಂದ ಕಿರುಬೆರಳಿನವರೆಗೆ 1, 2, 3, 4 ಎಂದು ಎಣಿಸುವ ರೂಢಿಯಂತೆ ಇದನ್ನು 2-1-3 ಹಿಡಿತ ಎನ್ನೋಣ. ಇಲ್ಲಿ ಉಂಗುರ ಬೆರಳು ಇರುವುದು ಅತಿ ತೆಳುವಾದ ತಂತಿಯ ಮೇಲೆ, ಹೋಗಬೇಕಾದದ್ದು ಐದನೆಯ ತಂತಿಗೆ. ಆಕೆಯ ಗಿಟಾರಿನ ನಟ್ಟಿನ (ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊತ್ತ ಪಟ್ಟಿಯ) ಅಗಲ 43 ಮಿಲಿಮೀಟರ್, ಪಕ್ಕಪಕ್ಕದ ತಂತಿಗಳ ನಡುವೆ ಸುಮಾರು 7 ಮಿಲಿಮೀಟರ್ ಅಂತರ. ನಾಲ್ಕು ಅಂತರಗಳನ್ನು ದಾಟಿ ಹೋಗಲು ಸುಮಾರು ಮೂರು ಸೆಂಟಿಮೀಟರ್ ಹಾರಬೇಕು, ಅದೂ ಉಳಿದೆರಡು ಬೆರಳುಗಳು ಎದುರು ದಿಕ್ಕಿಗೆ ಚಲಿಸುತ್ತಿರುವಾಗ. ಅಂಗೈಯ ಆಕಾರ ಪೂರ್ತಿ ಕುಸಿದು ಹೊಸದಾಗಿ ಕಟ್ಟಿಕೊಳ್ಳಬೇಕು. ಈ ಕೆಲಸವನ್ನು ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಹಾಡುತ್ತಾ ಮಾಡಿ ಎಂದರೆ ಅದು ಅನ್ಯಾಯದ ಬೇಡಿಕೆ.

ನಾನು 2-1-3 ಕಲಿಸಿದ್ದಕ್ಕೂ ಕಾರಣವಿತ್ತು. ವೀಣೆಯಲ್ಲಿ ಎಡಗೈಯ ತೋರುಬೆರಳು ಮತ್ತು ನಡುಬೆರಳುಗಳೇ ಮೆಟ್ಟಿಲುಗಳ ಮೇಲೆ ಓಡಾಡುವ ಮುಖ್ಯ ಬೆರಳುಗಳು. ಆಕೆಯಲ್ಲಿ ಆ ಎರಡಕ್ಕೆ ಅಸಾಧಾರಣ ಬಲವೂ ನಿಖರತೆಯೂ ಇದ್ದವು, ಕಿರುಬೆರಳಿಗೆ ತಂತಿಯ ಪರಿಚಯವೇ ಇರಲಿಲ್ಲ. ಉಂಗುರ ಬೆರಳು ಮತ್ತು ಕಿರುಬೆರಳನ್ನು ಮಡಿಸುವ ಸ್ನಾಯುಗಳು ಮುಂಗೈಯಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಕಿರುಬೆರಳನ್ನು ಪ್ರತ್ಯೇಕವಾಗಿ ಆಡಿಸುವುದು ಯಾರಿಗೂ ಮೊದಮೊದಲು ಕಷ್ಟವೇ. ಆದ್ದರಿಂದ ಮೊದಲ ದಿನವೇ ಒಂದು ಪೂರ್ಣ ಕಾರ್ಡು ಶುದ್ಧವಾಗಿ ಕೇಳಲಿ ಎಂದು ಬಲವಿರುವ ಬೆರಳುಗಳಿಗೆ ಕೆಲಸ ಕೊಟ್ಟೆ. ಬಿಡಿ ಕಾರ್ಡಿನ ಮಟ್ಟಿಗೆ ಆ ತೀರ್ಮಾನ ಸರಿ. ಆದರೆ ಆಕೆ ಹಾಡಲಿದ್ದದ್ದು ಬಿಡಿ ಕಾರ್ಡನ್ನಲ್ಲ, ಜಿಯ ಮುಂದೆ ಸಿ ಬರುವ ಹಾಡನ್ನು. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳದೆ ಹಿಡಿತ ಕಲಿಸಿದ್ದು ನನ್ನ ತಪ್ಪು. ಏಳು ತಿಂಗಳಲ್ಲಿ ಆ ಹಿಡಿತ ಆಕೆಯ ಕೈಯಲ್ಲಿ ಗಟ್ಟಿಯಾಗಿ ಕೂತಿತ್ತು.

ಬೆರಳನ್ನು ದೂರುವ ಮುಂಚೆ ವಾದ್ಯವನ್ನು ನೋಡಿದೆವು. ನಟ್ಟಿನ ಬಳಿ ತಂತಿಗಳು ಬೇಕಾದ್ದಕ್ಕಿಂತ ಎತ್ತರದಲ್ಲಿದ್ದವು. ವಾದ್ಯ ರಿಪೇರಿ ಮಾಡುವವರೊಬ್ಬರಲ್ಲಿ ನಟ್ಟಿನ ಗೀರುಗಳನ್ನು ತುಸು ಆಳ ಮಾಡಿಸಿ, ಒಂದು ಹಂತ ತೆಳುವಾದ ತಂತಿಗಳನ್ನು ಹಾಕಿಸಿದೆವು. ಒತ್ತಲು ಬೇಕಾದ ಬಲ ಎದ್ದುಕಾಣುವಷ್ಟು ಕಡಿಮೆಯಾಯಿತು, ಆದರೆ ಜಿಯಿಂದ ಸಿಗೆ ಹೋಗುವಲ್ಲಿನ ವಿಳಂಬ ಹಾಗೆಯೇ ಉಳಿಯಿತು. ಕಷ್ಟ ಒತ್ತುವುದರಲ್ಲಿಲ್ಲ, ಪಯಣದಲ್ಲಿದೆ ಎಂಬುದು ಇದರಿಂದ ಖಚಿತವಾಯಿತು.

ಮುಂದಿದ್ದ ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆವು. ಎಲ್ಲ ತಂತಿಗಳನ್ನೂ ಒಂದು ಫ್ರೆಟ್ಟಿನಲ್ಲಿ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಅಂದರೆ ಕ್ಯಾಪೊ, ಹಾಕಿ ಜಿ ಕಾರ್ಡಿನ ಆಕಾರವನ್ನೇ ತಪ್ಪಿಸಬಹುದೇ ಎಂಬುದು ಮೊದಲು ಬಂದ ಯೋಚನೆ. ಐದನೆಯ ಫ್ರೆಟ್ಟಿಗೆ ಕ್ಯಾಪೊ ಹಾಕಿದರೆ ಡಿ ಕಾರ್ಡಿನ ಆಕಾರ ಜಿ ಆಗಿ ನುಡಿಯುತ್ತದೆ ನಿಜ, ಆದರೆ ಆಗ ಸಿ ಬೇಕಾದಲ್ಲಿ ಮತ್ತೆ ಜಿಯ ಆಕಾರವನ್ನೇ ಹಿಡಿಯಬೇಕು, ಇ ಮೈನರಿಗೆ ಬಿ ಮೈನರಿನ ಬಾರೆ ಹಿಡಿತ (ಒಂದೇ ಬೆರಳನ್ನು ಹಲವು ತಂತಿಗಳಿಗೆ ಅಡ್ಡ ಹಾಕುವುದು) ಬೇಕಾಗುತ್ತದೆ. ಏಳನೆಯ ಫ್ರೆಟ್ಟಿಗೆ ಹಾಕಿದರೆ ಸಿ ಬೇಕಾದಲ್ಲಿ ಬಾರೆಯನ್ನೇ ಬೇಡುವ ಎಫ್ ಕಾರ್ಡಿನ ಆಕಾರ ಎದುರಾಗುತ್ತದೆ. ಮೂರನೆಯ ಫ್ರೆಟ್ಟಿನಲ್ಲಿ ತೋರುಬೆರಳನ್ನು ಆರು ತಂತಿಗಳಿಗೂ ಅಡ್ಡ ಹಾಕುವ ಬಾರೆ ಜಿ ಆಕೆಯ ಕೈಗೆ ಇನ್ನೂ ಭಾರ, ಮೇಲಾಗಿ ಖಾಲಿ ತಂತಿಗಳ ಗುಂಗು ಅದರಲ್ಲಿ ಇರುವುದಿಲ್ಲ. ಇವುಗಳನ್ನು ಬೇಗನೆ ಕೈಬಿಟ್ಟೆವು.

ಹೆಚ್ಚು ಹೊತ್ತು ಚರ್ಚೆಯಾದದ್ದು ನಾಲ್ಕು ಬೆರಳಿನ ಜಿ ಕುರಿತು. ಇದರಲ್ಲಿ ನಡುಬೆರಳು ಮತ್ತು ತೋರುಬೆರಳು 2-1-3ರಲ್ಲಿರುವಂತೆಯೇ ಆರನೆಯ ಮತ್ತು ಐದನೆಯ ತಂತಿಗಳ ಮೇಲೆ ಇರುತ್ತವೆ. ಉಂಗುರ ಬೆರಳು ಎರಡನೆಯ ತಂತಿಯ ಮೂರನೆಯ ಫ್ರೆಟ್ಟನ್ನೂ ಕಿರುಬೆರಳು ಮೊದಲನೆಯ ತಂತಿಯ ಮೂರನೆಯ ಫ್ರೆಟ್ಟನ್ನೂ ಒತ್ತುತ್ತವೆ. ಇದರ ಅನುಕೂಲ ದೊಡ್ಡದು: ಆ ಎರಡು ಬೆರಳುಗಳನ್ನು ಎತ್ತದೆಯೇ ಉಳಿದೆರಡನ್ನು ಒಂದೊಂದು ತಂತಿ ಕೆಳಗೆ ಸರಿಸಿದರೆ ಸಿ ಆಡ್ ನೈನ್ (ಸಿ ಕಾರ್ಡಿಗೆ ಡಿ ಸ್ವರ ಸೇರಿದ್ದು) ಸಿಗುತ್ತದೆ, ಡಿ ಕಾರ್ಡಿಗೆ ಹೋಗುವಾಗಲೂ ಉಂಗುರ ಬೆರಳು ಇದ್ದಲ್ಲಿಯೇ ಇರುತ್ತದೆ. ಗಿಟಾರ್ ಹಿಡಿದು ಹಾಡುವ ಅಸಂಖ್ಯ ಗಾಯಕರು ನೆಚ್ಚಿಕೊಂಡಿರುವ ಹಿಡಿತ ಇದು, ನನಗೂ ಪ್ರಿಯವಾದದ್ದು. ಆಕೆ ಅರ್ಧ ಗಂಟೆಯಲ್ಲಿ ಅದನ್ನು ಕಲಿತು ಹಾಡನ್ನು ತಡೆಯಿಲ್ಲದೆ ಮುಗಿಸಿದರು. ವಿಳಂಬ ಮಾಯವಾಗಿತ್ತು. ನಾನು ಸಮಸ್ಯೆ ಬಗೆಹರಿಯಿತೆಂದುಕೊಂಡೆ, ಆಕೆ ಒಪ್ಪಲಿಲ್ಲ.

"ಮಧ್ಯಮದ ಮೇಲೆ ನಿಂತಾಗ ಯಾರೋ ಪಕ್ಕದಲ್ಲಿ ಪಂಚಮ ಹಿಡಿದು ಎಳೀತಾರೆ ಸರ್" ಎಂದರು. ಮತ್ತೆ ಲೆಕ್ಕ ಹಾಕಿ ನೋಡಿದಾಗ ಆ ಮಾತು ಅಕ್ಷರಶಃ ನಿಜವಾಗಿತ್ತು. ಜಿ ಷಡ್ಜವಾದಾಗ ಸಿ ಮಧ್ಯಮ, ಡಿ ಪಂಚಮ. ಸಾಮಾನ್ಯ ಸಿ ಕಾರ್ಡಿನಲ್ಲಿ ಎರಡನೆಯ ತಂತಿ ಮೊದಲ ಫ್ರೆಟ್ಟಿನಲ್ಲಿ ಸಿ ಸ್ವರವನ್ನು ನುಡಿಯುತ್ತದೆ, ಸುಮಾರು 262 ಹರ್ಟ್ಸ್. ಆಕೆಯ ಕಂಠದ ಮಧ್ಯಮವೂ ಸರಿಯಾಗಿ ಅದೇ ಸ್ಥಾಯಿಯಲ್ಲಿ ನಿಲ್ಲುತ್ತದೆ. ಸಿ ಆಡ್ ನೈನ್‌ನಲ್ಲಾದರೆ ಅದೇ ತಂತಿ ಮೂರನೆಯ ಫ್ರೆಟ್ಟಿನಲ್ಲಿ ಡಿ ಸ್ವರವನ್ನು ನುಡಿಯುತ್ತದೆ, ಸುಮಾರು 294 ಹರ್ಟ್ಸ್. ಹಾಡು ಮಧ್ಯಮದ ಮೇಲೆ ದೀರ್ಘವಾಗಿ ನಿಲ್ಲುವ ಜಾಗದಲ್ಲಿ ಕಂಠಕ್ಕೆ ಆಸರೆಯಾಗಬೇಕಿದ್ದ ತಂತಿ ಒಂದು ಪೂರ್ಣ ಸ್ವರದಷ್ಟು ಮೇಲಿನ ಪಂಚಮವನ್ನು ಕಿವಿಯ ಪಕ್ಕದಲ್ಲೇ ಹಿಡಿಯುತ್ತಿತ್ತು. ಬೇರೆ ಹಾಡಿನಲ್ಲಿ ಈ ತಿಕ್ಕಾಟ ಸೊಗಸಾಗಿ ಕೇಳಬಹುದು. ಒಂಟಿ ಷಡ್ಜ-ಪಂಚಮದ ತಂಬೂರಿಯ ಎದುರು ಮಧ್ಯಮವನ್ನು ನಿಖರವಾಗಿ ನಿಲ್ಲಿಸಿ ಅಭ್ಯಾಸವಾದ ಕಿವಿಗೆ, ಈ ಹಾಡಿನ ಈ ತಂಗುದಾಣದಲ್ಲಿ, ಅದು ಸಹ್ಯವಾಗಲಿಲ್ಲ. ಗಾಂಧಾರದ ವಿಷಯವೂ ಇತ್ತು. ಸಾಮಾನ್ಯ ಜಿಯಲ್ಲಿ ಅಂತರ ಗಾಂಧಾರವಾದ ಬಿ ಸ್ವರ ಐದನೆಯ ಮತ್ತು ಎರಡನೆಯ ತಂತಿಗಳೆರಡರಲ್ಲೂ ಇರುತ್ತದೆ. ನಾಲ್ಕು ಬೆರಳಿನ ಜಿಯಲ್ಲಿ ಎರಡನೆಯ ತಂತಿಯ ಬಿ ಹೋಗಿ ಡಿ ಬರುವುದರಿಂದ ಮಂದ್ರದ ಒಂದೇ ಗಾಂಧಾರ ಉಳಿಯುತ್ತದೆ.

ಇಲ್ಲಿ ನಾನು ಒಂದು ವ್ಯತ್ಯಾಸವನ್ನು ಆಕೆಗೆ ಬಿಡಿಸಿ ಹೇಳಿದೆ, ಹೇಳುತ್ತಾ ನನಗೂ ಅದು ಇನ್ನಷ್ಟು ಸ್ಪಷ್ಟವಾಯಿತು. ಒಂದೇ ಕಾರ್ಡಿಗೆ ಬೇರೆ ಬೇರೆ ಹಿಡಿತ ಎಂದು ನಾವು ಹೇಳುವಾಗ ಎರಡು ಬೇರೆ ವಿಷಯಗಳನ್ನು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ. 2-1-3ರಿಂದ 3-2-4ಕ್ಕೆ, ಅಂದರೆ ಅವೇ ಜಾಗಗಳನ್ನು ಉಂಗುರ, ನಡು ಮತ್ತು ಕಿರುಬೆರಳುಗಳಿಂದ ಒತ್ತುವುದಕ್ಕೆ, ಬದಲಾಯಿಸಿದರೆ ಕೇಳುಗನಿಗೆ ಏನೂ ತಿಳಿಯುವುದಿಲ್ಲ, ಅವೇ ಆರು ಸ್ವರಗಳು, ಒತ್ತುವ ಬೆರಳು ಮಾತ್ರ ಬೇರೆ. ನಾಲ್ಕು ಬೆರಳಿನ ಜಿ ಅಥವಾ ಬಾರೆ ಜಿ ಹಿಡಿದರೆ ಹೆಸರು ಅದೇ ಇದ್ದರೂ ಸ್ವರಗಳ ಜೋಡಣೆಯೇ ಬೇರೆಯಾಗುತ್ತದೆ. ಮೊದಲನೆಯದನ್ನು ಕೈಯ ಅನುಕೂಲ ನೋಡಿ ತೀರ್ಮಾನಿಸಬಹುದು, ಎರಡನೆಯದಕ್ಕೆ ಹಾಡಿನ ಒಪ್ಪಿಗೆ ಬೇಕು. ನಾನು ಕೈಯ ಸಮಸ್ಯೆಯೊಂದಕ್ಕೆ ಸ್ವರವನ್ನು ಬದಲಿಸಿ ಪರಿಹಾರ ಕೊಡಲು ಹೋಗಿದ್ದೆ.

ಹಾಗಾಗಿ ಉಳಿದದ್ದು 3-2-4. ಆರನೆಯ ತಂತಿಗೆ ಉಂಗುರ ಬೆರಳು, ಐದನೆಯದಕ್ಕೆ ನಡುಬೆರಳು, ಮೊದಲನೆಯದಕ್ಕೆ ಕಿರುಬೆರಳು. ಇದರಲ್ಲಿ ಉಂಗುರ ಮತ್ತು ನಡುಬೆರಳುಗಳು ಕಟ್ಟುವ ಓರೆ ಆಕಾರವೂ ಸಿ ಕಾರ್ಡಿನಲ್ಲಿ ಅವೇ ಬೆರಳುಗಳು ಕಟ್ಟುವ ಆಕಾರವೂ ಒಂದೇ. ಆರು ಮತ್ತು ಐದನೆಯ ತಂತಿಗಳ ಮೇಲಿರುವ ಜೋಡಿ ಐದು ಮತ್ತು ನಾಲ್ಕನೆಯ ತಂತಿಗಳಿಗೆ ಒಟ್ಟಾಗಿ ಸರಿದರೆ ಸಾಕು, ಏಳೆಂಟು ಮಿಲಿಮೀಟರಿನ ಪಯಣ. ತೋರುಬೆರಳು ಜಿಯಲ್ಲಿ ಬಿಡುವಾಗಿಯೇ ಇರುವುದರಿಂದ ಅದು ಎರಡನೆಯ ತಂತಿಯ ಮೊದಲ ಫ್ರೆಟ್ಟಿನ ಮೇಲೆ ಮೊದಲೇ ಹೊಂಚಿ ನಿಂತಿರಬಹುದು. ಚರಣದ ಜಿ ಸೆವೆನ್‌ಗೂ ಇದೇ ಹಿಡಿತ ಒದಗಿಬಂತು: ಮಂದ್ರದ ಎರಡು ಬೆರಳು ಹಾಗೆಯೇ ಇರುವಾಗ ಕಿರುಬೆರಳನ್ನು ಎತ್ತಿ ತೋರುಬೆರಳನ್ನು ಮೊದಲನೆಯ ತಂತಿಯ ಮೊದಲ ಫ್ರೆಟ್ಟಿಗೆ ಇಟ್ಟರೆ ಕೈಶಿಕಿ ನಿಷಾದ ತಾನಾಗಿ ಬರುತ್ತದೆ. 2-1-3ರಿಂದ ಜಿ ಸೆವೆನ್‌ಗೆ ಹೋಗಲು ಮೂರು ಬೆರಳುಗಳನ್ನೂ ಕಿತ್ತು ಮರಳಿ ನೆಡಬೇಕಾಗುತ್ತಿತ್ತು.

ಕಿರುಬೆರಳಿನ ದುರ್ಬಲತೆ ಮಾತ್ರ ಉಳಿದ ಪ್ರಶ್ನೆಯಾಗಿತ್ತು. ಮೊದಲ ವಾರ ಅದರ ತುದಿಯ ಗೆಣ್ಣು ಒಳಕ್ಕೆ ಕುಸಿದು, ಬೆರಳು ಚಪ್ಪಟೆಯಾಗಿ ಮಲಗಿ ಪಕ್ಕದ ಎರಡನೆಯ ತಂತಿಯನ್ನೂ ಮುಟ್ಟಿ ಬಾಯಿ ಮುಚ್ಚಿಸುತ್ತಿತ್ತು. ಹೆಬ್ಬೆರಳು ಕತ್ತಿನ ಮೇಲಂಚಿನಿಂದ ಇಣುಕುವಂತೆ ಹಿಡಿಯುವ ಅಭ್ಯಾಸ ಆಕೆಗಿತ್ತು. ಅದನ್ನು ಕತ್ತಿನ ಹಿಂಬದಿಗೆ, ನಡುಬೆರಳಿನ ನೇರಕ್ಕೆ ಇಳಿಸಿ, ಮೊಣಕೈಯನ್ನು ದೇಹದಿಂದ ತುಸು ಮುಂದೆ ತಂದಾಗ ಅಂಗೈಯ ಕಿರುಬೆರಳಿನ ಬದಿ ತಂತಿಗಳಿಗೆ ಹತ್ತಿರವಾಯಿತು, ಬೆರಳು ಕಮಾನಿನಂತೆ ಬಾಗಿ ನಿಂತಿತು. ಇಷ್ಟಾದರೂ ಅದು ಆಗಾಗ ತಡವಾಗಿಯೇ ಬರುತ್ತಿತ್ತು. ಆದರೆ ಈ ತಡ ಹಳೆಯ ತಡದಂಥದಲ್ಲ. ಕೆಳಮೀಟು ಆರನೆಯ ತಂತಿಯಿಂದ ಹೊರಟು ಮೊದಲನೆಯ ತಂತಿಯನ್ನು ಕೊನೆಗೆ ತಲುಪುವುದರಿಂದ ಕಿರುಬೆರಳಿಗೆ ಸಹಜವಾಗಿಯೇ ಕೂದಲೆಳೆಯಷ್ಟು ಹೆಚ್ಚು ಸಮಯ ಸಿಗುತ್ತದೆ. ಅದೂ ತಪ್ಪಿದರೆ ಮೊದಲನೆಯ ತಂತಿ ಖಾಲಿಯಾಗಿ ಇ ಸ್ವರವನ್ನು, ಅಂದರೆ ಆಕೆಯ ಶ್ರುತಿಗೆ ಚತುಶ್ರುತಿ ಧೈವತವನ್ನು, ನುಡಿಯುತ್ತದೆ. ಜಿ ಕಾರ್ಡು ಜಿ ಸಿಕ್ಸ್ ಆಗುತ್ತದೆ, ಅಷ್ಟೇ. ಮಂದ್ರದ ಷಡ್ಜ ಗಟ್ಟಿಯಾಗಿ ನಿಂತಿರುವಾಗ ಮೇಲೆ ಕ್ಷಣಕಾಲ ಧೈವತ ಮಿನುಗಿದರೆ ಹಾಡಿನ ಮುಖ ಬಾಡುವುದಿಲ್ಲ. ಹಿಡಿತವನ್ನು ಆರಿಸುವಾಗ ಯಾವುದು ಸುಲಭ ಎಂದು ಕೇಳುವುದರ ಜೊತೆಗೆ, ಬೆರಳು ತಪ್ಪಿದಾಗ ಯಾವುದರಲ್ಲಿ ಕಡಿಮೆ ಕೆಡುತ್ತದೆ ಎಂದೂ ಕೇಳಬೇಕೆಂದು ನನಗೆ ಹೊಳೆದದ್ದು ಈ ಹಂತದಲ್ಲಿ. ಇಷ್ಟು ವರ್ಷ ಕಲಿಸಿಯೂ ಅದನ್ನು ನಾನು ಈ ರೀತಿ ಯೋಚಿಸಿರಲಿಲ್ಲ.

ಅಭ್ಯಾಸವನ್ನು ಬಲಗೈ ಇಲ್ಲದೆ ಆರಂಭಿಸಿದೆವು. ಉಂಗುರ ಮತ್ತು ನಡುಬೆರಳುಗಳ ಜೋಡಿಯನ್ನು ಒಂದೇ ಬೆರಳೆಂದು ಭಾವಿಸಿ, ಮೆಟ್ರೊನೋಮಿನ (ಗತಿ ತೋರಿಸುವ ಯಂತ್ರದ) 60ರ ಗತಿಗೆ, ಮೇಲಿನ ಜೋಡಿ ತಂತಿಯಿಂದ ಕೆಳಗಿನ ಜೋಡಿಗೂ ಮತ್ತೆ ಮೇಲಕ್ಕೂ ಸರಿಸುವುದು ಮಾತ್ರ. ಆಕೆ ಇದಕ್ಕೆ ತಾವೇ ಸ್ವರ ಕಟ್ಟಿಕೊಂಡು ಜೋಡಿ ಸರಿದಾಗ ಒಮ್ಮೆ "ಸ" ಎಂದೂ ಇನ್ನೊಮ್ಮೆ "ಮ" ಎಂದೂ ಹಾಡುತ್ತಿದ್ದರು. ವೀಣೆಯವರ ಶಿಸ್ತು ಅದು. ಅದರಿಂದ ಕೈ ಹೋಗುವ ಮುಂಚೆಯೇ ಕಿವಿ ಅಲ್ಲಿಗೆ ಹೋಗಿ ಕಾಯುತ್ತಿತ್ತು. ನಾಲ್ಕನೆಯ ವಾರದ ಕೊನೆಗೆ 84ರ ಗತಿಯಲ್ಲಿ ಪಲ್ಲವಿಯ ಮೊದಲ ಸಾಲು ಅಳುಮುಖವಿಲ್ಲದೆ ಬಂತು.

ಎರಡನೆಯ ಸಾಲು ಹೊಸ ತಕರಾರು ತಂದಿತು. ಅಲ್ಲಿ ಜಿ ಬರುವುದು ಡಿಯಿಂದ. ಡಿ ಕಾರ್ಡಿನಲ್ಲಿ ಉಂಗುರ ಬೆರಳು ಎರಡನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿರುತ್ತದೆ. 2-1-3 ಹಿಡಿತಕ್ಕಾದರೆ ಅದು ಒಂದೇ ತಂತಿ ಆಚೆಗೆ ಹೋದರೆ ಸಾಕು, 3-2-4ಕ್ಕಾದರೆ ಆರನೆಯ ತಂತಿಯವರೆಗೆ ಹಾರಬೇಕು. ಎಂದರೆ ಜಿಗೆ ಬರುವ ದಾರಿ ಒಂದು ಹಿಡಿತವನ್ನು ಬೇಡುತ್ತಿತ್ತು, ಜಿಯಿಂದ ಹೊರಡುವ ದಾರಿ ಇನ್ನೊಂದನ್ನು. ನಾನು ಏಕರೂಪತೆಗಾಗಿ ಎಲ್ಲೆಡೆಯೂ 3-2-4 ಇರಲಿ ಎಂದು ಒತ್ತಾಯಿಸುವವನಿದ್ದೆ. ಆದರೆ ಆ ಜಿ ಎಂಟು ಮಾತ್ರೆ ನಿಲ್ಲುತ್ತದೆ ಎಂಬುದನ್ನು ಆಕೆಯೇ ತೋರಿಸಿದರು. ಡಿಯಿಂದ 2-1-3ಕ್ಕೆ ಬಂದು ಇಳಿದು, ಸಾಲಿನ ಕೊನೆಯ ಪದ ಮುಗಿದು ಕಂಠ ಉಸಿರು ತೆಗೆದುಕೊಳ್ಳುವಾಗ, ಐದನೆಯ ಮಾತ್ರೆಯಲ್ಲಿ ಬೆರಳುಗಳನ್ನು 3-2-4ಕ್ಕೆ ಬದಲಾಯಿಸಿದರು. ಆ ಬದಲಾವಣೆಯ ಕ್ಷಣದಲ್ಲಿ ಮೂರು ಮತ್ತು ಎರಡನೆಯ ಖಾಲಿ ತಂತಿಗಳು ಷಡ್ಜವನ್ನೂ ಗಾಂಧಾರವನ್ನೂ ಗುನುಗುತ್ತಲೇ ಇದ್ದುದರಿಂದ ಎದುರು ಕೂತಿದ್ದ ನನಗೂ ಕೈ ನೋಡದಿದ್ದರೆ ಅದು ತಿಳಿಯುತ್ತಿರಲಿಲ್ಲ. ಆಕೆಯ ಹಾಡಿನ ಹಾಳೆಯಲ್ಲಿ ಈಗ ಪ್ರತಿ ಜಿ ಕೆಳಗೂ ಪೆನ್ಸಿಲಿನಲ್ಲಿ ಪುಟ್ಟ ಅಂಕಿಗಳಿವೆ. ಎರಡನೆಯ ಸಾಲಿನ ಕೊನೆಯ ಜಿ ಕೆಳಗೆ ಮಾತ್ರ ಎರಡು ಜೊತೆ ಅಂಕಿಗಳು, ನಡುವೆ ಒಂದು ಬಾಣದ ಗುರುತು.

ನಾಲ್ಕು ಬೆರಳಿನ ಜಿಯನ್ನೂ ನಾವು ಪೂರ್ತಿ ಬಿಡಲಿಲ್ಲ. ಹಾಡಿಗೆ ಮುಂಚೆ ತಾಳವಿಲ್ಲದ ಪುಟ್ಟ ಆಲಾಪನೆಯೊಂದಿದೆ. ಅಲ್ಲಿ ಆ ಹಿಡಿತದಲ್ಲೇ ತೋರುಬೆರಳನ್ನು ಎತ್ತಿ, ನಡುಬೆರಳಿನ ಪಕ್ಕೆಯಿಂದ ಐದನೆಯ ತಂತಿಯನ್ನು ಮೆಲ್ಲಗೆ ಮುಟ್ಟಿ ಮೌನಗೊಳಿಸಿದರೆ ಉಳಿಯುವುದು ಜಿ ಮತ್ತು ಡಿ ಸ್ವರಗಳು ಮಾತ್ರ. ಗಾಂಧಾರ ಇಲ್ಲದ, ಷಡ್ಜ-ಪಂಚಮಗಳಷ್ಟೇ ಇರುವ ನಾದ. ಆಕೆ ಆ ಕಾರ್ಡನ್ನು ಒಂದೊಂದೇ ತಂತಿಯಾಗಿ ನಿಧಾನವಾಗಿ ಮೀಟಿ, ಕಣ್ಣು ಮುಚ್ಚಿ "ತಂಬೂರಿ" ಎಂದರು.

ಕಳೆದ ವಾರ ಆಕೆ ಎರಡನೆಯ ಹಾಡು ತಂದಿದ್ದರು, ಸಹೋದ್ಯೋಗಿಯೊಬ್ಬರು ಆರರ ಶ್ರುತಿಯಲ್ಲಿ ಹಾಡುವಂಥದು. ಅದಕ್ಕೆ ಎ, ಡಿ, ಇ ಕಾರ್ಡುಗಳು ಬೇಕು. ಎ ಕಾರ್ಡಿಗೆ ಎರಡನೆಯ ಫ್ರೆಟ್ಟಿನಲ್ಲೇ ಪಕ್ಕಪಕ್ಕದ ಮೂರು ತಂತಿಗಳನ್ನು ಒತ್ತಬೇಕು. ಸಾಮಾನ್ಯವಾಗಿ 1-2-3 ಎಂದು ಸಾಲಾಗಿ ಇಡುವುದನ್ನು ಕಲಿಸುತ್ತೇವೆ. ಆಕೆ ನಾನು ಹೇಳುವ ಮುಂಚೆಯೇ ನಾಲ್ಕನೆಯ ತಂತಿಗೆ ನಡುಬೆರಳು, ಮೂರನೆಯದಕ್ಕೆ ತೋರುಬೆರಳು, ಎರಡನೆಯದಕ್ಕೆ ಉಂಗುರ ಬೆರಳು ಇಟ್ಟು ತೋರಿಸಿದರು. ಹಾಗೆ ಹಿಡಿದರೆ ಡಿಗೆ ಹೋಗುವಾಗ ತೋರುಬೆರಳು ಇದ್ದಲ್ಲೇ ಇರುತ್ತದೆ, ಉಂಗುರ ಬೆರಳು ಅದೇ ತಂತಿಯ ಮೇಲೆ ಒಂದು ಫ್ರೆಟ್ ಮುಂದೆ ಜಾರುತ್ತದೆ. ಇ ಕಾರ್ಡಿಗೆ ಹೋಗುವಾಗ ಅದೇ ತೋರುಬೆರಳು ಮೂರನೆಯ ತಂತಿಯ ಮೇಲೆಯೇ ಒಂದು ಫ್ರೆಟ್ ಹಿಂದೆ ಜಾರುತ್ತದೆ. ತಂತಿಯ ಮೇಲೆ ಬೆರಳನ್ನು ಎತ್ತದೆ ಜಾರಿಸುವುದು ವೀಣೆಯ ಕೈಗೆ ಹೊಸತೇನಲ್ಲ. ಪುಸ್ತಕದ ಹಾಳೆಯಲ್ಲಿ ಎ ಕೆಳಗೆ 2-1-3 ಎಂದು ಆಗಲೇ ಬರೆದಾಗಿತ್ತು.